ಮಂಜೇಶ್ವರದ ಶಾಸಕರಿಗೆ ಬಹಿರಂಗ ಪತ್ರ: ಕೋಳಿ ಸತ್ರೆ ನಾವು ಯಾರಿಗೆ ಹೇಳ್ಬೇಕು?

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯವಳು, ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯಲ್ಲಿದ್ದೇನೆ, ಮನೇಲಿ ಊರ ಕೋಳಿ ಸಾಕ್ತೇನೆ. ಹಕ್ಕಿಜ್ವರದ ಬಗ್ಗೆ ನಿಮ್ಮತ್ರ ಒಂದು ವಿಷಯ ಕೇಳ್ಲಿಕ್ಕುಂಟು, ಸುತ್ತಿ ಬಳಸದೆ ಮೊದಲೇ ಹೇಳ್ತೇನೆ. ನಮ್ಮ ಕ್ಷೇತ್ರದ ಯಾವುದಾದ್ರೂ ಮನೇಲಿ ಕೋಳಿಗಳು ಒಂದರ ಹಿಂದೆ ಒಂದು ಸಾಯ್ಲಿಕ್ಕೆ ಶುರುವಾದ್ರೆ ಆ ಮನೆಯವರು ಅದೇ ದಿನ ಯಾರಿಗೆ ಫೋನ್ ಮಾಡ್ಬೇಕು, ಮಾಡಿದ್ರೆ ಮುಂದೆ ಏನಾಗ್ತದೆ, ಪರಿಹಾರ ಎಷ್ಟು ಸಿಗ್ತದೆ, ಇಷ್ಟು ವಿಷಯ ಕನ್ನಡದಲ್ಲಿ, ರೋಗ ಬರುವ ಮೊದಲೇ, ಎಲ್ಲ ಮನೆಗೂ ತಲುಪಬೇಕು.

ಈಗ ಏನಾಗ್ತಾ ಉಂಟು ಅಂದ್ರೆ, ಕೋಳಿ ಸತ್ತ ಕೂಡ್ಲೆ ನಮ್ಮಲ್ಲಿ ಎಲ್ರೂ ಹೇಳೋದು ಒಂದೇ, ಕೊಕ್ಕರೆ ರೋಗ (ರಾಣಿಖೇತ್ ಅಂತಾರಲ್ಲ, ಅದು) ಬಂದಿರ್ಬೇಕು ಅಂತ. ಕೊಕ್ಕರೆ ರೋಗವೂ ಹಾಗೇ, ಹಕ್ಕಿಜ್ವರವೂ ಹಾಗೇ, ಮಂಕಾಗಿ ಕೂತ್ಕೊಳ್ತವೆ, ಉಸಿರಾಡ್ಲಿಕ್ಕೆ ಒದ್ದಾಡ್ತವೆ, ಭೇದಿ ಆಗ್ತದೆ, ಸಾಯ್ತವೆ. ಹಕ್ಕಿಜ್ವರದಲ್ಲಿ ಜುಟ್ಟು ನೀಲಿಯಾಗ್ತದೆ, ತಲೆ ಊದ್ತದೆ ಅಂತಾರೆ, ಆದ್ರೆ ಕೆಲವು ಸಲ ಯಾವ ಲಕ್ಷಣವೂ ಕಾಣದೆ ರಾತ್ರಿ ಬೆಳಗಾಗುವುದರೊಳಗೆ ಗೂಡೇ ಖಾಲಿ. ಕಣ್ಣಲ್ಲಿ ನೋಡಿ ಇದು ಅದು ಅಂತ ಹೇಳ್ಲಿಕ್ಕೆ ಡಾಕ್ಟ್ರಿಗೂ ಆಗುದಿಲ್ಲ, ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸ್ಬೇಕು, ಕೊನೆಗೆ ಖಚಿತ ಮಾಡೋದು ಭೋಪಾಲದ ಲ್ಯಾಬು. ಹಾಗಿರುವಾಗ ಇದು ಬರೀ ಕೊಕ್ಕರೆ ರೋಗ ಅಂತ ನಾವು ಅಂಗಳದಲ್ಲಿ ನಿಂತು ತೀರ್ಮಾನ ಮಾಡಿ ಸತ್ತದ್ದನ್ನು ತೋಡಿಗೆ ಎಸೀತೇವೆ, ಇನ್ನೂ ಜೀವ ಇದ್ದದ್ದನ್ನು ಹಾಳಾಗೋದು ಬೇಡ ಅಂತ ಕೊಯ್ದು ಸಾರು ಮಾಡ್ತೇವೆ. ಹಣ ಕೊಟ್ಟು ತಂದ ಕೋಳಿ, ಯಾರಿಗೆ ಮನಸ್ಸು ಬರ್ತದೆ ಬಿಡ್ಲಿಕ್ಕೆ.

ಮನುಷ್ಯರಿಗೆ ಅಪಾಯ ಇರೋದು ಹೆಚ್ಚಾಗಿ ಅಲ್ಲಿಯೇ. ಚೆನ್ನಾಗಿ ಬೆಂದ ಕೋಳಿ, ಬೆಂದ ಮೊಟ್ಟೆ ತಿಂದ್ರೆ ಏನೂ ಆಗುದಿಲ್ಲ, 70 ಡಿಗ್ರಿ ಬಿಸಿಗೆ ವೈರಸ್ ಸಾಯ್ತದೆ. ರೋಗ ಬಂದ ಕೋಳಿಯನ್ನು ಕೊಯ್ಯುವಾಗ, ಪುಕ್ಕ ಕೀಳುವಾಗ, ಕರುಳು ತೆಗೆಯುವಾಗ, ಗೂಡು ಗುಡಿಸುವಾಗ ಕೈಗೆ ಮೂಗಿಗೆ ಕಣ್ಣಿಗೆ ಹೋಗೋದೇ ಕಷ್ಟ. ಈ ಕೆಲಸ ಎಲ್ಲ ಮನೇಲಿ ಮಾಡೋದು ಯಾರು? ಹೆಂಗಸರು, ಪಕ್ಕದಲ್ಲಿ ಕೂತು ನೋಡುವ ಮಕ್ಕಳು.

ಹೆದರಿಸ್ಲಿಕ್ಕೆ ಬರೀತಾ ಇಲ್ಲ. ಹಕ್ಕಿಜ್ವರ, ಅಂದ್ರೆ ಎಚ್5ಎನ್1 ವೈರಸ್ಸಿನದ್ದು, ಇವತ್ತಿಗೂ ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ರೋಗ ಅಲ್ಲ. ಆದ್ರೆ 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲು ಮನುಷ್ಯರಿಗೆ ಬಂದಾಗ 18 ಜನರಲ್ಲಿ 6 ಜನ ಹೋದ್ರು. 2003ರಿಂದ ಈಚೆಗೆ ಲೋಕದಲ್ಲಿ 900ಕ್ಕೂ ಹೆಚ್ಚು ಜನರಿಗೆ ಬಂದದ್ದು ದಾಖಲಾಗಿದೆ, ಅದರಲ್ಲಿ ಹತ್ರ ಹತ್ರ ಅರ್ಧ ಜನ ಉಳೀಲಿಲ್ಲ. ನಮ್ಮ ದೇಶದಲ್ಲಿ 2021ರ ಜುಲೈಯಲ್ಲಿ ಹರಿಯಾಣದ ಒಬ್ಬ ಹುಡುಗ ದೆಹಲಿಯ ಏಮ್ಸ್‌ನಲ್ಲಿ ತೀರಿಹೋದ. 2025ರ ಮಾರ್ಚಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಹೆಣ್ಣುಮಗು ತೀರಿಹೋಯ್ತು, ಹಸಿ ಕೋಳಿಮಾಂಸದ ತುಂಡು ಬಾಯಿಗೆ ಹಾಕಿಕೊಂಡಿತ್ತು ಅಂತ ವರದಿ ಬಂತು, ನನಗೆ ಆ ಸುದ್ದಿ ಓದಿ ಎರಡು ದಿನ ಊಟ ಸೇರ್ಲಿಲ್ಲ ಸರ್, ಯಾಕಂದ್ರೆ ನಾವು ಕೋಳಿ ಹೆಚ್ಚುವಾಗ ನಮ್ಮ ಮಕ್ಕಳೂ ಅಲ್ಲೇ ಇರ್ತವೆ. ಈ ವೈರಸ್ ಹಕ್ಕಿಗಳಲ್ಲೇ ಉಳ್ದಿಲ್ಲ ಈಗ. 2024ರಲ್ಲಿ ಅಮೆರಿಕದ ಹಾಲಿನ ದನಗಳಿಗೆ ಬಂತು, ಅದೇ ವರ್ಷದ ಕೊನೆಗೆ ನಾಗಪುರದಲ್ಲಿ ಹುಲಿಗಳೇ ಸತ್ತವು. ಪ್ರಾಣಿಯಿಂದ ಪ್ರಾಣಿಗೆ ಹೋದಷ್ಟೂ ಅದು ಬದಲಾಗ್ಲಿಕ್ಕೆ ಅವಕಾಶ ಹೆಚ್ಚು ಅಂತ ತಿಳಿದವರು ಹೇಳ್ತಾರೆ. ಅದಕ್ಕೇ ಬೇಗ ಗೊತ್ತಾಗ್ಬೇಕು ಅನ್ನೋದು.

ಕೇರಳದಲ್ಲಿ 2014ರಿಂದ ಆಲಪ್ಪುಳ, ಕೋಟ್ಟಯಂ ಕಡೆ ಮತ್ತೆ ಮತ್ತೆ ಬಂದಿದೆ, 2020ರಲ್ಲಿ ಕೋಝಿಕ್ಕೋಡ್, ಮಲಪ್ಪುರಂಗೂ ಬಂತು. ಆಚೆ ಕರ್ನಾಟಕದಲ್ಲಿ 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ. ನಾವು ನಡುವೆ ಇದ್ದೇವೆ. ಆಲಪ್ಪುಳ ಕಡೆಯ ಕುಟ್ಟನಾಡಿನಲ್ಲಿ ಸಾವಿರಗಟ್ಟಲೆ ಬಾತುಕೋಳಿ ಒಟ್ಟಿಗೆ ಸಾಯುವಾಗ ಯಾರಿಗಾದ್ರೂ ಕಾಣ್ತದೆ. ನಮ್ಮಲ್ಲಿ ಈ ಮನೇಲಿ ಎಂಟು, ಆ ಮನೇಲಿ ಹತ್ತು ಕೋಳಿ, ಗುಡ್ಡದ ಆಚೆ ಒಂದು ಮನೆ, ತೋಟದ ಈಚೆ ಒಂದು ಮನೆ. ಅಲ್ಲಿ ಸತ್ರೆ ಆ ಮನೆ ಹೆಂಗಸಿಗೆ ಬಿಟ್ರೆ ಬೇರೆ ಯಾರಿಗೂ ಗೊತ್ತಾಗುದಿಲ್ಲ. ಅವಳು ಹೇಳಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ಇನ್ನೊಂದು, ಕೋಳಿ ಅಂಕ. ಕಾನೂನು ಏನೇ ಇರ್ಲಿ, ನಡೀತಾ ಉಂಟು, ನಿಮಗೂ ಗೊತ್ತುಂಟು. ಹುಂಜಗಳು ಗಡಿ ದಾಟಿ ಬರ್ತವೆ, ದಾಟಿ ಹೋಗ್ತವೆ, ರಕ್ತ ಸುರಿಯುವ ಕೋಳಿಯನ್ನು ಬರಿಗೈಯಲ್ಲಿ ಹಿಡೀತಾರೆ, ಸೋತ ಕೋಳಿ ಇನ್ನೊಂದು ಊರಿನ ಅಡುಗೆಮನೆಗೆ ಹೋಗ್ತದೆ. ದೈವಕ್ಕೆ ಕೋಳಿ ಕೊಡೋದೂ ನಮ್ಮಲ್ಲಿ ಉಂಟು, ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ, ನಮ್ಮ ಮನೇಲೂ ಕೊಡ್ತೇವೆ. ಆದ್ರೆ ಅಕ್ಕಪಕ್ಕದಲ್ಲಿ ರೋಗ ಇದೆ ಅಂತ ಗೊತ್ತಾದಾಗ ಸ್ವಲ್ಪ ದಿನ ತಡೀರಿ ಅಂತ ಹೇಳುವವರು ಬೇಕು, ಅದು ಪೊಲೀಸರು ಬಂದು ಹೇಳಿದ್ರೆ ನಡೀಲಿಕ್ಕಿಲ್ಲ, ದೈವಸ್ಥಾನದ ಗುರಿಕಾರರು ಹೇಳಿದ್ರೆ ನಡೀತದೆ. ಅವರನ್ನು ಕರೆದು ಕೂರಿಸಿ ಮಾತಾಡ್ಲಿಕ್ಕೆ ನಿಮ್ಮಿಂದ ಆಗ್ತದೆ.

ಜನ ಯಾಕೆ ಬಾಯಿ ಬಿಡುದಿಲ್ಲ ಅಂದ್ರೆ ದುಡ್ಡು. ರೋಗ ಖಚಿತ ಆದ್ರೆ ಸುತ್ತ ಒಂದು ಕಿಲೋಮೀಟರಿನ ಎಲ್ಲ ಕೋಳಿ ಕೊಲ್ತಾರೆ, ಹತ್ತು ಕಿಲೋಮೀಟರು ನಿಗಾ ಇಡ್ತಾರೆ. ನಾನು ಫೋನ್ ಮಾಡಿದ್ರೆ ನನ್ನದು ಮಾತ್ರ ಅಲ್ಲ, ನೆರೆಕರೆಯವರದ್ದೆಲ್ಲ ಹೋಗ್ತದೆ, ಆಮೇಲೆ ಅವರ ಮುಖ ನೋಡೋದು ಹೇಗೆ? ಕೇರಳದಲ್ಲಿ ಹಿಂದಿನ ಸಲಗಳಲ್ಲಿ ಎರಡು ತಿಂಗಳು ದಾಟಿದ ಹಕ್ಕಿಗೆ 200 ರೂಪಾಯಿ, ಅದಕ್ಕಿಂತ ಸಣ್ಣದಕ್ಕೆ 100 ರೂಪಾಯಿ ಕೊಟ್ಟದ್ದು. ಒಂದು ಒಳ್ಳೆ ಊರ ಹುಂಜ 200 ರೂಪಾಯಿಗೆ ಎಲ್ಲಿ ಸಿಗ್ತದೆ ಹೇಳಿ. ಅದೂ ಕೈಗೆ ಬರ್ಲಿಕ್ಕೆ ತಡ ಆಯ್ತು ಅಂತ ಕುಟ್ಟನಾಡಿನ ರೈತರು ದೂರಿದ್ದು ಪೇಪರಲ್ಲೇ ಬಂದಿದೆ. ಆ ಸುದ್ದಿ ಓದಿದವರು ಯಾರು ಫೋನ್ ಮಾಡ್ತಾರೆ? ಊರ ಕೋಳಿಗೆ ಬೇರೆ ದರ ಬೇಕು, ಹಣ ತಿಂಗಳೊಳಗೆ ಖಾತೆಗೆ ಬೀಳ್ಬೇಕು, ಮೊದಲು ಹೇಳಿದ ಮನೆಯ ಹೆಸರು ಹೊರಗೆ ಬರ್ಬಾರ್ದು. ಇದು ವಿಧಾನಸಭೆಯಲ್ಲಿ ನೀವು ಎತ್ತಬೇಕಾದ ಮಾತು.

ನೋಟಿಸಿನ ವಿಷಯ ನಿಮಗೆ ಹೊಸತಲ್ಲ. ಬರೋದು ಮಲಯಾಳಂನಲ್ಲಿ. ನಮ್ಮ ಮಕ್ಕಳು ಓದ್ತಾರೆ, ನಮ್ಮ ಅತ್ತೆಯಂದಿರು ಓದುದಿಲ್ಲ, ಕೋಳಿ ಸಾಕೋದು ಅತ್ತೆಯಂದಿರು. ಎಣ್ಮಕಜೆ, ವರ್ಕಾಡಿ, ಮೀಂಜ, ಪುತ್ತಿಗೆ ಎಲ್ಲ ಕಡೆ ಇದೇ ಕತೆ. ಕನ್ನಡದಲ್ಲಿ ಪ್ರಿಂಟ್ ಮಾಡ್ಲಿ, ಓದ್ಲಿಕ್ಕೆ ಬಾರದವರಿಗೆ ರಿಕ್ಷಾಕ್ಕೆ ಮೈಕ್ ಕಟ್ಟಿ ತುಳುವಿನಲ್ಲಿ, ಬ್ಯಾರಿಯಲ್ಲಿ ಹೇಳ್ಲಿ. ಓಟಿನ ಸಮಯದಲ್ಲಿ ಎಲ್ಲ ಪಾರ್ಟಿಯವರೂ ಮಾಡ್ತಾರೆ ಅಲ್ವಾ, ಹಾಗೇ.

ಆಸ್ಪತ್ರೆ ಮಾತು ಹೇಳದೆ ಮುಗಿಸ್ಲಿಕ್ಕೆ ಆಗುದಿಲ್ಲ. ಜ್ವರ ಜೋರಾದ್ರೆ ನಾವು ಓಡೋದು ಮಂಗಳೂರಿಗೆ. ಅಲ್ಲಿನ ಡಾಕ್ಟ್ರಿಗೆ ನಮ್ಮ ಊರಲ್ಲಿ ಕೋಳಿ ಸಾಯ್ತಾ ಉಂಟು ಅಂತ ಹೇಗೆ ಗೊತ್ತಾಗ್ಬೇಕು? ಅವರು ಕೇಳುದಿಲ್ಲ, ನಾವು ಹೇಳುದಿಲ್ಲ. ಫ್ಲೂವಿನ ಮಾತ್ರೆ ಒಸೆಲ್ಟಾಮಿವಿರ್ ಶುರುವಿನ ಎರಡು ದಿನದೊಳಗೆ ಕೊಟ್ರೇ ಹೆಚ್ಚು ಉಪಯೋಗ ಅಂತಾರೆ, ಆ ಎರಡು ದಿನ ಡೆಂಗ್ಯೂನಾ ಇಲಿಜ್ವರವಾ ಅಂತ ನೋಡುವುದರಲ್ಲೇ ಹೋಗ್ತದೆ. ಕೋವಿಡ್ ಸಮಯ 2020ರಲ್ಲಿ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ಆಂಬುಲೆನ್ಸ್ ಬಿಡದೆ ನಮ್ಮವರು ಎಷ್ಟು ಜನ ದಾರಿಯಲ್ಲೇ ಪ್ರಾಣ ಬಿಟ್ರು ಅನ್ನೋದನ್ನು ನಾವು ಮರೆತಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಗ್ಬೇಕಾಯ್ತು. ಇನ್ನೊಂದು ಸಲ ಹಾಗೆ ಆಗ್ಬಾರ್ದಾದ್ರೆ ಕಾಸರಗೋಡು, ದಕ್ಷಿಣ ಕನ್ನಡ ಎರಡೂ ಜಿಲ್ಲಾಧಿಕಾರಿಗಳು ಈಗಲೇ ಕೂತು ಬರಹದಲ್ಲಿ ಮಾತಾಡಿಕೊಳ್ಬೇಕು, ಈಚೆ ಕೋಳಿ ಸತ್ರೆ ಆಚೆ ಆಸ್ಪತ್ರೆಗಳಿಗೆ ಅದೇ ದಿನ ಸುದ್ದಿ ಹೋಗ್ಬೇಕು, ಕೋಳಿ ಲಾರಿ ನಿಂತ್ರೂ ರೋಗಿ ನಿಲ್ಬಾರ್ದು.

ಮಳೆ ಮುಗಿದು ಚಳಿ ಶುರುವಾಗುವಾಗ ದೂರದ ಹಕ್ಕಿಗಳು ಬರ್ತವೆ. ಅಷ್ಟರೊಳಗೆ ಜಿಲ್ಲಾಧಿಕಾರಿಗಳನ್ನು, ಪಶುಸಂಗೋಪನೆ ಮತ್ತೆ ಆರೋಗ್ಯ ಇಲಾಖೆಯವರನ್ನು ಒಂದೇ ಮೇಜಿಗೆ ಕರೆಸಿ ಒಂದು ನಂಬರ್ ಕೊಡಿಸಿ, ಕನ್ನಡ ಬರುವವರು ಫೋನ್ ಎತ್ತುವ ನಂಬರ್. ಕೊಟ್ಟ ಮೇಲೆ ಅದನ್ನು ನಮ್ಮ ವಾರ್ಡಿನ ಎಲ್ಲ ಮನೆಗೂ ಮುಟ್ಟಿಸುವ ಕೆಲಸ ನಾವು ಕುಟುಂಬಶ್ರೀಯವರು ಮಾಡ್ತೇವೆ, ಅದಕ್ಕೆ ನೀವು ಬೇರೆ ಜನ ಹುಡುಕ್ಬೇಕಾಗಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು, ಪೈವಳಿಕೆ