ನೀನು ಸುಳ್ಳು ಹೇಳಲಿಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ಮನೆಯ ಸುದ್ದಿಯನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ‘ಇಲ್ಲದ ಅರ್ಥವನ್ನು ಇದೆ ಅಂತ ನಂಬಿಸಿ ಹುಡುಗರಿಗೆ ಪಾಠ ಮಾಡಿಬಿಟ್ಟೆ ಅತ್ತೆ, ಪಾಠ ಹೇಳೋ ಯೋಗ್ಯತೆಯೇ ನನಗಿಲ್ಲವೇನೋ’ ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ನೀನು ಕ್ಲಾಸಿನಲ್ಲಿ ಹೇಳಿದ್ದೇನು? 1900ರಲ್ಲಿ ಫ್ರಾಂಕ್ ಬಾಮ್ ಬರೆದ ಓಝ್ ದೇಶದ ಮಾಂತ್ರಿಕನ ಕಥೆ ಆ ಕಾಲದ ಅಮೆರಿಕದ ಹಣದ ಜಗಳಕ್ಕೆ ರೂಪಕ ಅಂತ. ಕಥೆಯ ಹುಡುಗಿ ಡೊರೊಥಿಯ ಕಾಲಲ್ಲಿರುವ ಬೆಳ್ಳಿಯ ಬೂಟು ಬೆಳ್ಳಿ ನಾಣ್ಯ, ಹಳದಿ ಇಟ್ಟಿಗೆಯ ದಾರಿ ಗೋಲ್ಡ್ ಸ್ಟ್ಯಾಂಡರ್ಡ್ (ಚಿನ್ನದ ಮೇಲೆ ನಿಂತ ಹಣದ ಪದ್ಧತಿ), ಬೆದರುಬೊಂಬೆ ರೈತ, ತಗಡಿನ ಮನುಷ್ಯ ಕಾರ್ಖಾನೆಯ ಕೂಲಿಯವನು, ಪುಕ್ಕಲು ಸಿಂಹ ಬೆಳ್ಳಿ ನಾಣ್ಯದ ಪರ ನಿಂತ ನೆಬ್ರಾಸ್ಕಾದ ರಾಜಕಾರಣಿ ವಿಲಿಯಂ ಜೆನಿಂಗ್ಸ್ ಬ್ರಯಾನ್, ಪಚ್ಚೆಯ ಪಟ್ಟಣ ವಾಷಿಂಗ್ಟನ್. ಇಷ್ಟು ಹೇಳಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು, 1896ರ ಅಧ್ಯಕ್ಷ ಚುನಾವಣೆಯಲ್ಲಿ ಬಾಮ್ ಬ್ರಯಾನ್ ಎದುರಾಳಿ ಮೆಕಿನ್ಲಿಯ ಪರವಾಗಿ ಪದ್ಯ ಬರೆದು ಅಚ್ಚು ಹಾಕಿಸಿದ್ದಾನೆ ಅಂತ ತೋರಿಸಿದ. ನಿನಗೆ ಮಾತೇ ಹೊರಡಲಿಲ್ಲ. ಹೌದು ಕಣೇ, ಆ ಪದ್ಯ ಇರುವುದು ನಿಜ. ಮಕ್ಕಳನ್ನು ಸಂತೋಷಪಡಿಸುವುದೊಂದೇ ತನ್ನ ಉದ್ದೇಶ ಅಂತ ಬಾಮ್ ಮುನ್ನುಡಿಯಲ್ಲಿ ಹೇಳಿಕೊಂಡಿರುವುದೂ ನಿಜ. ಆದರೂ ನೀನು ಸುಳ್ಳು ಹೇಳಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಈ ಓದು ಹುಟ್ಟಿದ್ದು ಹೇಗೆ ಅನ್ನುವುದನ್ನು ನೋಡು. ನ್ಯೂಯಾರ್ಕ್ ರಾಜ್ಯದ ಮೌಂಟ್ ವರ್ನನ್ನಿನಲ್ಲಿ ಹೆನ್ರಿ ಲಿಟಲ್‌ಫೀಲ್ಡ್ ಅಂತ ಒಬ್ಬರು ಹೈಸ್ಕೂಲು ಮೇಷ್ಟ್ರು ಇದ್ದರು. 1890ರ ದಶಕದ ಸಾಲ, ಬೆಳ್ಳಿ, ಚುನಾವಣೆ ಇವನ್ನೆಲ್ಲ ಮಕ್ಕಳ ತಲೆಗೆ ಹತ್ತಿಸುವುದಕ್ಕೆ ಅವರಿಗೆ ಸಿಕ್ಕ ದಾರಿ ಈ ಕಥೆ. ಅದನ್ನೇ 1964ರಲ್ಲಿ ಲೇಖನವಾಗಿ ಬರೆದರು. ಆಮೇಲೆ ಅರ್ಥಶಾಸ್ತ್ರದವರು ಎತ್ತಿಕೊಂಡರು, 1990ರಲ್ಲಿ ಹ್ಯೂ ರಾಕಾಫ್ ಒಂದು ದೊಡ್ಡ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಇದನ್ನು ಹಣದ ರೂಪಕವಾಗಿಯೇ ಬಿಡಿಸಿಟ್ಟರು. ಬಾಮ್ ಬೆಳ್ಳಿ ನಾಣ್ಯ ಬೇಕೆಂದ ಆ ಕಾಲದ ರೈತ ಚಳವಳಿಯ ಬೆಂಬಲಿಗನಾಗಿದ್ದ ಅನ್ನುವುದಕ್ಕೆ ಆಧಾರವಿಲ್ಲ ಅಂತ 1992ರಲ್ಲಿ ಬಹಿರಂಗವಾಗಿ ಪತ್ರ ಬರೆದು ಹೇಳಿದವರೂ ಅದೇ ಲಿಟಲ್‌ಫೀಲ್ಡ್. ಅಷ್ಟು ಹೇಳಿದ ಮಾತ್ರಕ್ಕೆ ಅವರ ಮೇಷ್ಟ್ರುತನ ಹೋಯಿತೇ? ಅವರಿಗೆ ಹೋಗದೇ ಇದ್ದದ್ದು ನಿನಗೆ ಯಾಕೆ ಹೋಗಬೇಕು?

ನಾನು ಚಿತ್ರದುರ್ಗದ ಕಡೆ ಕಾಲೇಜಿನಲ್ಲಿದ್ದಾಗಿನ ಒಂದು ಸಂಗತಿ ನಿನಗೆ ಯಾವತ್ತೂ ಹೇಳಿಲ್ಲ. ಚಳ್ಳಕೆರೆ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗ, ಮನೆಯಲ್ಲಿ ಕಡಲೆಕಾಯಿ ಬೆಳೆ. ನಾನು ಬೋರ್ಡಿನ ಮೇಲೆ ಹಣದ ಕುಗ್ಗುವಿಕೆಯ, ಅಂದರೆ ಬೆಲೆಗಳೆಲ್ಲ ಇಳಿಯುತ್ತಾ ಹೋಗುವ ಡಿಫ್ಲೇಷನ್ನಿನ, ವ್ಯಾಖ್ಯೆ ಬರೆಯುತ್ತಿದ್ದೆ. ‘ಮೇಡಂ, ಬೆಲೆ ಇಳಿದರೆ ಒಳ್ಳೇದೇ ಅಲ್ವಾ, ಎಲ್ಲಾ ಅಗ್ಗ ಆಗುತ್ತಲ್ಲ, ಮತ್ತೆ ನಮ್ಮಪ್ಪ ಯಾಕೆ ಅಳ್ತಾನೆ?’ ಅಂತ ಕೇಳಿದ. ಕ್ಲಾಸೆಲ್ಲ ನಕ್ಕಿತು. ಪಠ್ಯದಲ್ಲಿದ್ದ ಉತ್ತರವನ್ನು ನಾನು ಹೇಳಿದೆ, ಅದರಲ್ಲಿ ತಪ್ಪೇನಿರಲಿಲ್ಲ. ಅವನು ಬರೆದುಕೊಂಡ. ಆ ವರ್ಷವೇ ಕಾಲೇಜು ಬಿಟ್ಟ. ನನಗೆ ಆಗ ಒಂದು ಕಥೆ ಗೊತ್ತಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ ಪುಟ್ಟಿ. ಅವನು ಕಾಲೇಜಿನಲ್ಲಿ ಉಳಿಯುತ್ತಿದ್ದನೋ ಇಲ್ಲವೋ, ಅವನ ಅಪ್ಪನ ಅಳು ಮಾತ್ರ ಅವನಿಗೆ ಅರ್ಥವಾಗುತ್ತಿತ್ತು.

ಡೊರೊಥಿಯ ಊರಾದ ಕಾನ್ಸಾಸಿನ ರೈತನಿಗೆ ಆದದ್ದೂ ಅದೇ. 1881ರಲ್ಲಿ ಒಂದು ಬುಷೆಲ್ (ಅಲ್ಲಿಯ ಧಾನ್ಯದ ಅಳತೆ) ಗೋಧಿಗೆ ಒಂದು ಡಾಲರಿಗೂ ಮೇಲೆ ಬೆಲೆಯಿತ್ತು, 1894ರ ಹೊತ್ತಿಗೆ ಸುಮಾರು 50 ಸೆಂಟು. ಸಾಲದ ಪತ್ರದಲ್ಲಿ ಬರೆದ ಡಾಲರು ಮಾತ್ರ ಅಷ್ಟೇ ಇತ್ತು. ಅದೇ ಸಾಲಕ್ಕೆ ಎರಡರಷ್ಟು ಗೋಧಿ ಅಳೆಯಬೇಕು. 1873ರ ಕಾಯಿದೆ ಬೆಳ್ಳಿ ಡಾಲರನ್ನು ಟಂಕಸಾಲೆಯಿಂದ ಆಚೆಗಿಟ್ಟಿತ್ತು, ಚಿನ್ನ ಸಾಲುತ್ತಿರಲಿಲ್ಲ, ದುಡ್ಡು ಬಿಗಿಯಾಗಿತ್ತು, ಅದಕ್ಕೇ ಬೆಲೆ ಇಳಿದದ್ದು. ಹದಿನಾರು ತೂಕ ಬೆಳ್ಳಿಗೆ ಒಂದು ತೂಕ ಚಿನ್ನದ ಲೆಕ್ಕದಲ್ಲಿ ಬೆಳ್ಳಿಯನ್ನೂ ಟಂಕಿಸಿ ಅಂತ ರೈತರು ಕೂಗಿದ್ದು ಅದಕ್ಕೆ. ಮನುಷ್ಯಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಅಂತ ಬ್ರಯಾನ್ 1896ರ ಜುಲೈ 9ರಂದು ಗುಡುಗಿದ್ದು ಷಿಕಾಗೋದಲ್ಲಿ. ಬಾಮ್ ಸಂಸಾರ ಆಗ ಇದ್ದದ್ದೂ ಅದೇ ಊರಿನಲ್ಲಿ.

ನಮ್ಮ ಕಡೆಗೂ ಇದರ ಎಳೆ ಬಂದಿದೆ, ಹುಡುಗರಿಗೆ ಅದನ್ನೂ ಹೇಳು. 1893ರ ಜೂನ್ 26ರವರೆಗೆ ಯಾರು ಬೇಕಾದರೂ ಬೆಳ್ಳಿ ಒಯ್ದು ಇಂಡಿಯಾದ ಟಂಕಸಾಲೆಯಲ್ಲಿ ರೂಪಾಯಿ ಹೊಡೆಸಬಹುದಿತ್ತು. ಅವತ್ತು ಬ್ರಿಟಿಷರು ಅದನ್ನು ನಿಲ್ಲಿಸಿದರು. ಬೆಳ್ಳಿಯ ಬೆಲೆ ಧಡಾರನೆ ಬಿತ್ತು, ಅಮೆರಿಕದ ಕೊಲರಾಡೋದಲ್ಲಿ ಗಣಿಗಳು ಮುಚ್ಚಿದವು. ಅದೇ ಕಾಲಕ್ಕೆ ನಮ್ಮ ಕೋಲಾರದ ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಕೊನೆಗೆ ದಕ್ಷಿಣ ಆಫ್ರಿಕಾ, ಕೆನಡಾದ ಕ್ಲಾಂಡೈಕ್ ಎಲ್ಲ ಕಡೆಯಿಂದ ಚಿನ್ನ ಹೆಚ್ಚಿಯೇ ಆ ಬಿಗಿ ಸಡಿಲವಾದದ್ದು. ಬ್ರಯಾನ್ ಗೆಲ್ಲಲೇ ಇಲ್ಲ.

ಮತ್ತೆ ಅಲ್ಲಿಗೇ ಬರುತ್ತೇನೆ, ಇಲ್ಲದ ಅರ್ಥ ಅಂದೆಯಲ್ಲ. ಬಾಮ್ ದಕ್ಷಿಣ ಡಕೋಟದ ಅಬರ್ಡೀನಿನಲ್ಲಿ ಅಂಗಡಿ ಇಟ್ಟು ನಷ್ಟ ಮಾಡಿಕೊಂಡವನು. ಬರಗಾಲದಲ್ಲಿ ಒಣಗಿದ ರೈತರನ್ನು ಕಣ್ಣಾರೆ ಕಂಡವನು. ಮೊದಲ ಅಧ್ಯಾಯವನ್ನು ಇನ್ನೊಂದು ಸಲ ಓದು. ಬಿಸಿಲಿಗೆ ಹುಲ್ಲೂ ಬೂದು, ಮನೆಯ ಬಣ್ಣ ಹೋಗಿ ಗೋಡೆಯೂ ಬೂದು, ಡೊರೊಥಿಯ ಚಿಕ್ಕಮ್ಮ ಎಮ್‌ಳ ಕಣ್ಣಿನ ಹೊಳಪು ಹೋಗಿ ಕೆನ್ನೆಯೂ ಬೂದು, ಹೆನ್ರಿ ಚಿಕ್ಕಪ್ಪ ನಗುವುದೇ ಇಲ್ಲ. ತಗಡಿನವನ ಕಥೆ ನೋಡು. ಮಾಟ ಹಾಕಿದ ಕೊಡಲಿ ಅವನ ಕಾಲನ್ನೇ ಕಡಿಯುತ್ತದೆ, ಕೈಯನ್ನೇ ಕಡಿಯುತ್ತದೆ, ಕಡಿದಲ್ಲೆಲ್ಲ ತಗಡಿನದು ಹಾಕಿಸಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಕೊನೆಗೆ ಹೃದಯವೂ ಉಳಿಯುವುದಿಲ್ಲ. ಪಚ್ಚೆಯ ಪಟ್ಟಣದಲ್ಲಿ ಎಲ್ಲರ ಕಣ್ಣಿಗೂ ಹಸಿರು ಕನ್ನಡಕ ಹಾಕಿ ಬೀಗ ಜಡಿಯುತ್ತಾರೆ, ಆದ್ದರಿಂದ ಊರು ಹಸಿರಾಗಿ ಕಾಣುತ್ತದೆ. ಇದನ್ನೆಲ್ಲ ಬರೆದವನು ಬ್ರಯಾನ್‌ಗೆ ಓಟು ಹಾಕಿರಬೇಕಾಗಿಲ್ಲ. ಆ ಕಾಲದ ಸಂಕಟ ಅವನ ಕೈಗೆ ಅಂಟಿಕೊಂಡಿತ್ತು, ಅವನು ಮಕ್ಕಳಿಗೆ ಅಂತ ಬರೆದದ್ದರಲ್ಲೂ ಬಂತು. ಅದನ್ನು ನೀನು ಕಂಡದ್ದು ನಿನ್ನ ಕಣ್ಣಿನ ದೋಷವಲ್ಲ.

ಏನು ಮಾಡಬೇಕು ಅಂತ ಹೇಳುವಷ್ಟು ನನಗೆ ಅಲ್ಲಿಯ ರೀತಿ ತಿಳಿಯದು. ಇಲ್ಲಿಯ ಕ್ಲಾಸಾಗಿದ್ದರೆ, ‘ಬಾಮ್ ಹೀಗೆ ಅಂದುಕೊಂಡು ಬರೆದ’ ಅನ್ನುವ ಮಾತನ್ನು ತೆಗೆದು, ‘ಇದನ್ನು ಹೀಗೆ ಓದುತ್ತಾರೆ’ ಅಂತ ಹೇಳುತ್ತಿದ್ದೆ. ಆ ಹುಡುಗನಿಂದಲೇ ಮೆಕಿನ್ಲಿಯ ಪದ್ಯವನ್ನು ಎಲ್ಲರ ಮುಂದೆ ಓದಿಸುತ್ತಿದ್ದೆ. ಸಿನಿಮಾ ನೋಡಿದ ಹುಡುಗರು ಬೂಟು ಕೆಂಪಲ್ಲವೇ ಅಂತ ಕೇಳಬಹುದು. 1939ರ ಚಿತ್ರದಲ್ಲಿ ಕೆಂಪಾಯಿತು, ಪುಸ್ತಕದಲ್ಲಿ ಬೆಳ್ಳಿಯದೇ ಅಂತ ಮೊದಲೇ ಹೇಳಿಬಿಡು. ಸರಿಯೆನಿಸದಿದ್ದರೆ ಇದನ್ನೆಲ್ಲ ಬಿಟ್ಟುಬಿಡು ತಾಯಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಪಾಠ ಹೇಳುವುದನ್ನು ಬಿಡುವ ಮಾತನ್ನು ಮಾತ್ರ ಈ ಸೆಮಿಸ್ಟರ್ ಮುಗಿಯುವವರೆಗಾದರೂ ಎತ್ತಬೇಡ. ಕ್ಲಾಸು ಆದ ದಿನ ಫೋನ್ ಮಾಡು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎದ್ದಿರುತ್ತೇನೆ. ಆ ಹುಡುಗ ಏನಂದ ಅಂತ ನನಗೆ ಗೊತ್ತಾಗಬೇಕು.

ಇಂತಿ ನಿನ್ನ,
ಅತ್ತೆ