ಗೆಳೆಯನಿಗೊಂದು ಪತ್ರ: ವೈಂಡಿಂಗ್ ಟೇಬಲ್ಲಿನ ಮೇಲೊಂದು ಬಿಡುಗಡೆ ಪತ್ರ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಮೋಟಾರ್ ವೈಂಡಿಂಗ್ ಕಲಿಸೋ ಕಡೆ ಹೆಂಗಸರ ಹಕ್ಕಿನ ಮಾತು ಯಾಕೆ ಮಾರಾಯ? ಕೆಲಸ ಕಲಿಸಿದರೆ ಸಾಕಲ್ವಾ?" ಅಂತ. ಅವತ್ತು ಮನೆತುಂಬ ನೆಂಟರು, ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತೋ ನಮ್ಮ ತರಬೇತಿ ಆನಂದಪುರದ ಹತ್ತಿರ ಹಳೇ ಗೋದಾಮೊಂದರಲ್ಲಿ. ಒಟ್ಟು 14 ಜನ, ಅದರಲ್ಲಿ ಐವರು ಹುಡುಗಿಯರು. ಹತ್ತನೇ ಕ್ಲಾಸಿಗೇ ಓದು ಬಿಟ್ಟವರು ಜಾಸ್ತಿ. ಕೆಲವರು ಮುಳುಗಡೆ ಮನೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಕಾಲದಲ್ಲಿ ಅಜ್ಜ ಗಂಟುಮೂಟೆ ಇಳಿಸಿದ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಅಡಿಕೆ ಸುಲಿತ ಮುಗಿದರೆ ಕೂಲಿಯೂ ಇಲ್ಲ. ಆದರೆ ಬೇಸಿಗೆ ಬಂತೆಂದರೆ ತೋಟದ ಪಂಪ್‌ಸೆಟ್‌ಗಳು ಸುಡುತ್ತವೆ. ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದದ್ದು ಗೊತ್ತಾಗದೆ ಓಡಿಸಿದರೆ ಒಳಗೆ ತಂತಿ ಸುತ್ತಿದ ಕಾಯಿಲ್ ಕರಕಲು. ನಿನಗೆ ಹೇಳಬೇಕಾ, ಅದೇ ನಿನ್ನ ಅನ್ನ.

ಇಲ್ಲಿ ಒಬ್ಬ ಹುಡುಗಿಯ ಕೈಕೆಲಸ ನೀನು ನೋಡಬೇಕು. ಸುಟ್ಟ ಕಾಯಿಲ್ ತೆಗೆಯುವಾಗ ಹುಡುಗರಿಗೆ ಅವಸರ, ಎಲ್ಲ ಕತ್ತರಿಸಿ ಎಳೆದುಬಿಡುತ್ತಾರೆ. ಇವಳು ಒಂದು ಕಾಯಿಲನ್ನು ಇಡಿಯಾಗಿ ಉಳಿಸಿಕೊಂಡು, ಎಳೆ ಎಳೆ ಬಿಡಿಸಿ ಸುತ್ತು ಎಣಿಸುತ್ತಾಳೆ. ಎರಡು ಸಲ ಎಣಿಸಿ ಲೆಕ್ಕ ಒಂದೇ ಬಂದರೆ ಮಾತ್ರ ಪುಸ್ತಕಕ್ಕೆ ಬರೆಯೋದು. ಆಮೇಲೆ ತಂತಿಯ ಮೇಲಿನ ಎನಾಮಲ್ ಲೇಪ ಕೆರೆದು ಗೇಜು, ಅಂದರೆ ದಪ್ಪ, ನೋಡುತ್ತಾಳೆ. ಕಾಯಿಲ್ ಕೂರುವ ಸಂದಿಗೆ, ಅಂದರೆ ಸ್ಲಾಟಿಗೆ, ಪೇಪರ್ ಕೂರಿಸಿದರೆ ಬಾಳೆಲೆ ಕೊಟ್ಟೆ ಮಡಚಿದ ಹಾಗೆ, ಒಂದು ಸುಕ್ಕಿಲ್ಲ.

ಅವಳು ಒಬ್ಬಳೇ ಕಟ್ಟಿದ ಮೊದಲ ಮೋಟಾರು 3 ಎಚ್‌ಪಿಯದು. ತೋಟದವರು ಬಂದರು, ಓಡಿಸಿ ನೋಡಿದರು, ಖುಷಿಯಾದರು. ಮಜೂರಿಯನ್ನು ಮಾತ್ರ ಅವಳನ್ನು ಕರೆದೊಯ್ಯಲು ಬಂದಿದ್ದ ಅಣ್ಣನ ಕೈಗಿಟ್ಟರು. ಅವನು ಎಣಿಸಿ ಜೇಬಿಗಿಳಿಸಿದ. ಅವಳು ಉಳಿದ ತಂತಿಯನ್ನು ಸುಮ್ನೆ ಸುತ್ತಿಡುತ್ತಾ ನಿಂತಿದ್ದಳು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಆ ಮೇಲೆಯೇ ಶನಿವಾರದ ಮಾತುಕತೆ ಶುರುವಾಗಿದ್ದು. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲೆಯೊಬ್ಬರನ್ನು ಕರೆಸಿದೆವು. ಹುಡುಗಿಯರಿಗಷ್ಟೇ ಅಲ್ಲ, ಹುಡುಗರು, ಅಮ್ಮಂದಿರು, ಅಣ್ಣಂದಿರು ಎಲ್ಲರೂ ಕೂರಬೇಕು ಅಂದೆವು. ಅವರು ಭಾಷಣ ಮಾಡಲಿಲ್ಲ. ವೈಂಡಿಂಗ್ ಟೇಬಲ್ಲಿನ ಮೇಲೆ ಒಂದು ಹಕ್ಕು ಬಿಡುಗಡೆ ಪತ್ರದ, ಅಂದರೆ ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಕಾಗದದ, ನಮೂನೆ ಇಟ್ಟು, ಒಬ್ಬ ಹುಡುಗನ ಕೈಲಿ ಗಟ್ಟಿಯಾಗಿ ಓದಿಸಿದರು. "ಸ್ವಸಂತೋಷದಿಂದ" ಅನ್ನೋ ಮಾತು ಬಂದಾಗ ನಿಲ್ಲಿಸಿ, "ಇದರ ಅರ್ಥ ಏನು?" ಅಂತ ಕೇಳಿದರು. ಹೆಂಗಸರ ಕಡೆಯಿಂದ ಒಂದು ಮಾತೂ ಇಲ್ಲ.

ಆಮೇಲೆ ವಕೀಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು. ಅದಕ್ಕೂ ಮೊದಲೇ ಮದುವೆಯಾದವರಿಗೆ ಸಿಕ್ಕಿರಲಿಲ್ಲ. 2005ರ ತಿದ್ದುಪಡಿ ಅವರನ್ನೂ ಸೇರಿಸಿತು. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ. ಹಿಂಸೆಯಾದರೆ 181ಕ್ಕೆ ಫೋನ್ ಮಾಡಬಹುದು. ಒಬ್ಬ ತಾಯಿ ಎದ್ದು, "ಅದೇ ತೋಟ, ಅದೇ ಹೊತ್ತು, ಗಂಡಾಳಿಗೊಂದು ಕೂಲಿ ನನಗೊಂದು ಯಾಕೆ?" ಅಂದಳು. ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂದಿದೆ ಅಂದಾಗ ಅವಳ ಮುಖ ನೋಡಲಾಗಲಿಲ್ಲ ನನಗೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಅಪ್ಪ ತೀರಿಕೊಂಡ ಮರುವರ್ಷ, 2009ರಲ್ಲಿ, ನನ್ನ ತಂಗಿಯಿಂದ ಇಂಥದ್ದೇ ಪತ್ರಕ್ಕೆ ಸಹಿ ಹಾಕಿಸಿದ್ದು ನಾನೇ. ಟೈಪ್ ಮಾಡಿಸಿದ್ದೂ ನಾನೇ. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಒಂದಿಷ್ಟು ದುಡ್ಡು. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಅವಳ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಹೋದ ವಾರ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. "ಅವತ್ತು ಯಾರೂ ಓದಿ ಹೇಳ್ಲಿಲ್ಲ ಅಣ್ಣ" ಅಂದಳು, ಅಷ್ಟೇ. ತೋಟದಲ್ಲಿ ಅವಳ ಪಾಲನ್ನು ಅವಳ ಹೆಸರಿಗೆ ಬರೆದುಕೊಡಲು ಕಾಗದ ಮಾಡಿಸುತ್ತಿದ್ದೇನೆ.

ಈಗ ನಿನ್ನಿಂದ ಎರಡು ಕೆಲಸ ಆಗಬೇಕು. ಅಂಗಡಿಯ ಮೂಲೆಯಲ್ಲಿರುವ ಆ ಕೈ ವೈಂಡಿಂಗ್ ಮಿಷನ್ನನ್ನು ಸಾಗರದ ಬಸ್ಸಿಗೆ ಹಾಕಿ ಕಳಿಸು. ಇನ್ನೊಂದು, ಆ ಹುಡುಗಿಯನ್ನು ಈ ಬೇಸಿಗೆಗೆ ನಿನ್ನ ಅಂಗಡಿಗೆ ತಗೋ. ಕೊನೇ ಬಸ್ ತಪ್ಪದ ಹಾಗೆ ಸಂಜೆ ಬಿಡಬೇಕು. ಹುಡುಗರಿಗೆ ಕೊಡುವಷ್ಟೇ ಸಂಬಳ ಕೊಡಬೇಕು. ಅವಳ ಕೈಗೇ ಕೊಡಬೇಕು.

ನಿನ್ನ ಗೆಳೆಯ