ಕೊಟ್ಟಿಗೆಹಾರದಲ್ಲಿ ಸಿಕ್ಕ ಅಣ್ಣನಿಗೆ

ಮೊನ್ನೆ ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯಬೇಕು, ನನ್ನ ಡೀಸೆಲ್ ಪಿಕಪ್‌ನ ಬ್ರೇಕ್ ಪೆಡಲ್ ಕಲ್ಲಾಗಿತ್ತು; ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್‌ವೀಲೂ ಬೀಳುತ್ತಿರಲಿಲ್ಲ. ಎರಡೂ ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೆ. ಕೊಟ್ಟಿಗೆಹಾರದಲ್ಲಿ ಟೀ ಕುಡಿಯುತ್ತಿದ್ದ ನೀವು ಗ್ಲಾಸ್ ಇಟ್ಟು ಎದ್ದು ಬಂದಿರಿ. ಇಂಜಿನ್ ಆಫ್ ಮಾಡಿಸಿ ನಾಲ್ಕೈದು ಸಲ ಪೆಡಲ್ ತುಳಿಸಿದಿರಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡು ಅಂದಿರಿ. ಸರಿಯಿದ್ದರೆ ಆಗ ಪೆಡಲ್ ಸ್ವಲ್ಪ ಇಳಿಯಬೇಕಂತೆ; ಒಂಚೂರೂ ಇಳಿಯಲಿಲ್ಲ. "ಬ್ರೇಕ್ ಹಗುರ ಮಾಡೋ ಬೂಸ್ಟರ್‌ಗೂ, ಫೋರ್‌ವೀಲಿಗೆ ಮುಂದಿನ ಚಕ್ರ ಜೋಡಿಸೋ ಹಬ್ ಲಾಕ್‌ಗೂ ಗಾಳಿ ಎಳೆಯೋ ವ್ಯಾಕ್ಯೂಮ್ ಪಂಪ್ ಒಂದೇ ಕಣಪ್ಪ" ಅಂದು, ಹಬ್ ಕಡೆಯ ಪೈಪಿನ ಬಾಯಿಗೆ ಬೋಲ್ಟ್ ತುರುಕಿದಿರಿ. ಪೆಡಲ್ ಮೆತ್ತಗೆ ಕೆಳಗಿಳಿಯಿತು! ಉಜ್ಜಿ ಉಜ್ಜಿ ಸೀಳಿದ್ದ ಆ ಗೇಣುದ್ದದ ರಬ್ಬರ್ ಪೈಪಿನಿಂದ ವ್ಯಾಕ್ಯೂಮ್ ಸೋರಿ ಎರಡೂ ಕೆಟ್ಟಿದ್ದವು, ಅಷ್ಟೇ. ನಿಮ್ಮ ಗಾಡಿಯಲ್ಲಿದ್ದ ತುಂಡನ್ನೇ ಹಾಕಿಕೊಟ್ಟಿರಿ. ದುಡ್ಡು ಮುಟ್ಟಲಿಲ್ಲ, ಹೆಸರೂ ಹೇಳಲಿಲ್ಲ. ಅವತ್ತು ನನ್ನ ಪಕ್ಕದಲ್ಲಿ ಅಮ್ಮ ಕೂತಿದ್ದರು. ಗ್ರೀಸು ಮೆತ್ತಿದ ಆ ಕೈಗಳಿಗೆ ನಮಸ್ಕಾರ ಅಣ್ಣಾ.